'ಅಂತೆ' ಉದುರಿದ ಸುದ್ದಿ

ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: 'ಸಾರ್, ಒಂದೇ ಅಪಘಾತಕ್ಕೆ ಟಿ.ವಿ.ಯಲ್ಲಿ ಒಂದು ಲೆಕ್ಕ, ಪೇಪರಿನಲ್ಲಿ ಇನ್ನೊಂದು ಲೆಕ್ಕ. ಯಾರು ಸುಳ್ಳು ಹೇಳ್ತಾರೆ?' ಉತ್ತರ ಕೊಡುವ ಮೊದಲು ನನ್ನದೇ ಒಂದು ತಪ್ಪನ್ನು ಅವನೆದುರು ಒಪ್ಪಿಕೊಳ್ಳಬೇಕಾಯಿತು.

2017ರ ಫೆಬ್ರುವರಿ 21. ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ನಡೆದುಕೊಂಡೇ ಹೋಗುವ ಜಾತ್ರೆ. ಆ ಸಂಜೆ ಸುಮಾರು 60 ಅಡಿ ಎತ್ತರದ ತೇರು ಜನಸಂದಣಿಯ ನಡುವೆ ಉರುಳಿಬಿತ್ತು. ನಾನು ಹಡಗಲಿಯ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೊದಲ ಫೋನು: 'ತೇರು ಬಿತ್ತಂತೆ.' ಸ್ವಲ್ಪ ಹೊತ್ತಿಗೆ ಎರಡನೆಯದು: 'ಇಪ್ಪತ್ತು ಮಂದಿ ಅಡಿಗೆ ಸಿಕ್ಕಾರಂತೆ.' ಮೂರನೆಯದು: 'ಇಪ್ಪತ್ತು ಮಂದಿ ಹೋದ್ರು.' ಅಷ್ಟರಲ್ಲಿ ಪಕ್ಕದ ಮನೆಯ ತಾಯಿ ಓಡಿಬಂದು, 'ಮೇಷ್ಟ್ರೇ, ಏನಾರ ಗೊತ್ತಾತೇನ್ರಿ?' ಎಂದರು. ಅವರ ಮಗ ಪಾದಯಾತ್ರೆಗೆ ಹೋಗಿದ್ದ. ಅವನ ಫೋನು ಹತ್ತುತ್ತಿರಲಿಲ್ಲ. ವಿಜ್ಞಾನ ಕಲಿಸುವ ನಾನು, 'ಇಪ್ಪತ್ತು ಮಂದಿ ಹೋಗ್ಯಾರಮ್ಮ' ಎಂದುಬಿಟ್ಟೆ. ಆಕೆ ಹೊಸ್ತಿಲ ಮೇಲೇ ಕುಸಿದರು.

ರಾತ್ರಿ ಟಿ.ವಿ.ಯಲ್ಲೂ ಮರುದಿನದ ಪತ್ರಿಕೆಯಲ್ಲೂ ನಾನು ಕಂಡದ್ದು ಗಾಯಗೊಂಡವರ ಸುದ್ದಿ. ಹುಡುಗ ಬೆಳಗಿನ ಬಸ್ಸಿಗೆ ಬಂದಿಳಿದ. ತೇರು ಬಿದ್ದಾಗ ಅವನು ದೂರದಲ್ಲಿ ಮಿರ್ಚಿ ತಿನ್ನುತ್ತ ನಿಂತಿದ್ದನಂತೆ.

ಆ ಇಪ್ಪತ್ತು ಎಲ್ಲಿಂದ ಬಂತು? ಮೊದಲಿಬ್ಬರು ಸುಳ್ಳುಗಾರರಲ್ಲ. ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ಅವರ ಮಾತಿನ ಕೊನೆಯ ಪುಟ್ಟ 'ಅಂತೆ' ಹೇಳುತ್ತಿತ್ತು. ಮೂರನೆಯ ಬಾಯಿಗೆ ಬರುವಷ್ಟರಲ್ಲಿ 'ಅಂತೆ' ಉದುರಿತು, 'ಸಿಕ್ಕವರು' 'ಸತ್ತವರು' ಆದರು. ನನ್ನ ಬಾಯಲ್ಲಿ ಅದಕ್ಕೆ ಮೇಷ್ಟ್ರ ಮಾತಿನ ತೂಕವೂ ಸೇರಿಕೊಂಡಿತು!

ಇದೆಲ್ಲ ಮೊಬೈಲಿನ ಕಾಟ ಎನ್ನುವ ಪಾಲಕರಿದ್ದಾರೆ. ಮೊಬೈಲಿಲ್ಲದ ಕಾಲವನ್ನೂ ನಾನು ಕಂಡಿದ್ದೇನೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಊರುಗಳು. ಆ ದಿನ ನಮ್ಮ ಕೈಗೆ ಬಂದ ಪತ್ರಿಕೆಯಲ್ಲಿ ಅದರ ಸುಳಿವೇ ಇಲ್ಲ. ಅದು ಹಿಂದಿನ ರಾತ್ರಿಯೇ ಅಚ್ಚಾಗಿತ್ತು. ಮೊದಲು ತಿಳಿದದ್ದು ರೇಡಿಯೋದಿಂದ. ಮುಂದಿನ ದಿನಗಳಲ್ಲಿ ಸತ್ತವರ ಅಂದಾಜು 30 ಸಾವಿರದವರೆಗೂ ಏರಿ, ಕೊನೆಗೆ 8ರಿಂದ 10 ಸಾವಿರದ ನಡುವೆ ನಿಂತಿತು. ಕುಸಿದ ಕಲ್ಲುಮಣ್ಣಿನ ಮನೆಗಳನ್ನು ನೋಡಿ ಮಾಡುವ ಅಂದಾಜು ಬೇರೆ. ಹೆಣಗಳನ್ನು ಎಣಿಸಿ, ಪರಊರಿಗೆ ಹೋಗಿ ಬದುಕಿದವರನ್ನು ಬಿಟ್ಟು ಬರೆಯುವ ಲೆಕ್ಕ ಬೇರೆ. ಹಾಗೆಂದು ಮೊದಲ ಲೆಕ್ಕ ಯಾವಾಗಲೂ ಹೆಚ್ಚಿರುತ್ತದೆ ಎಂದುಕೊಳ್ಳಬೇಡಿ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಮೊದಲ ದಿನ ಸಾವಿರಗಳಲ್ಲಿದ್ದ ಸಂಖ್ಯೆ ಕೊನೆಗೆ 2 ಲಕ್ಷ ದಾಟಿತು.

ಕಿಲ್ಲಾರಿಯ ಕಂಪನದ ಪ್ರಮಾಣಕ್ಕೂ ಒಂದೇ ಅಂಕಿ ಇಲ್ಲ. ಒಂದು ಕಡೆ 6.2, ಇನ್ನೊಂದು ಕಡೆ 6.4. ಬೇರೆ ಬೇರೆ ಕೇಂದ್ರಗಳು ಬೇರೆ ಬೇರೆ ಅಲೆಗಳನ್ನು ಬೇರೆ ವಿಧಾನದಲ್ಲಿ ಅಳೆದಾಗ ಹೀಗಾಗುತ್ತದೆ. ಸರಳ ಲೋಲಕದ 20 ಆಂದೋಲನಗಳ ಕಾಲವನ್ನು ನಾಲ್ವರು ಅಳೆದರೆ ನಾಲ್ಕು ಉತ್ತರ ಬರುವುದಿಲ್ಲವೇ? ಅವರಲ್ಲಿ ಯಾರಿಗೂ ನಾವು ಸುಳ್ಳ ಎನ್ನುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ 1ನೆಯ ವಲಯದಲ್ಲಿ. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಆ ವಲಯವನ್ನೇ ಕೈಬಿಟ್ಟು, ಕಿಲ್ಲಾರಿಯ ಸುತ್ತಮುತ್ತಲನ್ನು 3ನೆಯ ವಲಯಕ್ಕೆ ಸೇರಿಸಿದರು. ಆ ನಸುಕಿನ ಸುದ್ದಿಗೆ ಈ ಒಂದು ಸಾಲು ಸೇರಲು ಒಂಬತ್ತು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಮೊದಲ ದಿನದ ಪತ್ರಿಕೆಯನ್ನು ಎಲ್ಲರೂ ರದ್ದಿಗೆ ಹಾಕಿಯಾಗಿತ್ತು.

ಪ್ರಶ್ನೆ ಕೇಳಿದ ಹುಡುಗನಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಒಂದೇ ಘಟನೆಯ ಸುದ್ದಿಯನ್ನು ಹದಿನೈದು ದಿನ ಕತ್ತರಿಸಿ ಅಂಟಿಸಬೇಕು. ಪ್ರತಿ ಅಂಕಿಯ ಪಕ್ಕದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಎಣಿಸಿದವರು ಯಾರು ಎಂದು ಬರೆಯಬೇಕು. ಎಣಿಸಿದವರ ಹೆಸರೇ ಇಲ್ಲದಿದ್ದರೆ ಪೆನ್ಸಿಲಿನಲ್ಲಿ 'ಅಂತೆ' ಎಂದು ಸೇರಿಸಬೇಕು. ನಾಲ್ಕೇ ದಿನಕ್ಕೆ ಪೆನ್ಸಿಲು ಮೋಟಾಗಿದೆ ಎಂದು ದೂರು ತಂದಿದ್ದಾನೆ.

ಪಕ್ಕದ ಮನೆಯ ತಾಯಿ ಈಗಲೂ ಎದುರಾದರೆ ನಕ್ಕು ಮಾತನಾಡಿಸುತ್ತಾರೆ. ಸುದ್ದಿ ಮಾತ್ರ ನನ್ನನ್ನು ಕೇಳುವುದಿಲ್ಲ.