ಶಸ್ತ್ರಚಿಕಿತ್ಸಾ ಕೊಠಡಿಯ ಸಣ್ಣ ಕೆಲಸ ಮತ್ತು ಕಾಯಕ ತತ್ವ

ಹೆಗಡೆಕಟ್ಟಾ ಸುತ್ತಲಿನ ಹಳ್ಳಿಗಳವರಿಗೆ ದೊಡ್ಡ ಆಪರೇಷನ್ ಎಂದರೆ ಶಿರಸಿ, ಅಲ್ಲೂ ಆಗದಿದ್ದರೆ ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿ. ಈಗ ಅದೇ ಆಸ್ಪತ್ರೆಗಳಿಗೆ ನಮ್ಮ ಮನೆಗಳ ಮಕ್ಕಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಶಸ್ತ್ರಚಿಕಿತ್ಸಾ ಕೊಠಡಿಗೆ ಹೊಸದಾಗಿ ಸೇರಿದವರ ಬಾಯಲ್ಲಿ ಒಂದೇ ಮಾತು ಕೇಳಿಬರುತ್ತದೆ: "ನಾಲ್ಕು ವರ್ಷ ಓದಿದ್ದು ಗಾಜ್ ಬಟ್ಟೆ ಎಣಿಸಲಿಕ್ಕಾ? ಚಿಮಟ, ಕತ್ತರಿ ತೊಳೆಯಲಿಕ್ಕಾ?" ಹೃದಯದ, ಮಿದುಳಿನ ಶಸ್ತ್ರಚಿಕಿತ್ಸೆಗಳಿಗೆ ಹಿರಿಯರು ನಿಲ್ಲುತ್ತಾರೆ. ಹೊಸಬರಿಗೆ ಸಿಗುವುದು ಕಪಾಟು ಜೋಡಿಸುವ, ಬಟ್ಟೆಗಂಟು ಕಟ್ಟುವ, ಆಟೋಕ್ಲೇವ್ ಕಾಯುವ ಕೆಲಸ.

ಈ ಬೇಸರವನ್ನು ಸೋಮಾರಿತನ ಎಂದು ತಳ್ಳಿಹಾಕಬಾರದು. ಹಾಗೆಯೇ ಆ ಕೆಲಸಗಳನ್ನು ಸಣ್ಣವು ಎಂದು ಒಪ್ಪಿಕೊಳ್ಳಲೂಬಾರದು.

ಎಣಿಕೆಯನ್ನೇ ನೋಡೋಣ. ಆಪರೇಷನ್ ಆರಂಭಕ್ಕೆ ಮುನ್ನ, ಹೊಟ್ಟೆ ಅಥವಾ ಎದೆಯ ಒಳಭಾಗ ಮುಚ್ಚುವ ಮುನ್ನ, ಚರ್ಮ ಹೊಲಿಯುವ ಮುನ್ನ ಇಬ್ಬರು ಕೂಡಿ ಬಾಯಿಬಿಟ್ಟು ಎಣಿಸಬೇಕು. ರಕ್ತದಲ್ಲಿ ನೆಂದ ಬಟ್ಟೆತುಂಡು ಒಳಗೇ ಉಳಿದರೆ ಕಣ್ಣಿಗೆ ಬೇಗ ಕಾಣುವುದಿಲ್ಲ. ಅದಕ್ಕೆಂದೇ ಅದರಲ್ಲಿ ಎಕ್ಸ್-ರೇಗೆ ಕಾಣುವ ದಾರ ಹೆಣೆದಿರುತ್ತಾರೆ. ಒಂದು ಲೆಕ್ಕ ತಪ್ಪಿದರೆ ರೋಗಿ ಮತ್ತೊಮ್ಮೆ ಅದೇ ಮೇಜಿನ ಮೇಲೆ ಮಲಗಬೇಕಾದೀತು, ಪ್ರಾಣವೂ ಹೋದೀತು.

ಆಟೋಕ್ಲೇವ್ ಕೂಡ ಗುಂಡಿ ಒತ್ತಿ ಕೂರುವ ಕೆಲಸವಲ್ಲ. 121 ಡಿಗ್ರಿ ಸೆಲ್ಸಿಯಸ್‌ನ ಹಬೆ ಉಪಕರಣದ ಪ್ರತಿಯೊಂದು ಮೈಗೂ ತಾಗಬೇಕು. ಚಿಮಟದ ಕೀಲು ಮುಚ್ಚಿದ್ದರೆ, ಒಣಗಿದ ರಕ್ತ ಅಂಟಿದ್ದರೆ, ಗಂಟುಗಳನ್ನು ಒತ್ತೊತ್ತಾಗಿ ತುರುಕಿದ್ದರೆ ಹಬೆ ಒಳಗೆ ತಲುಪದು. ಗಂಟಿನ ಹೊರಗಿನ ಪಟ್ಟಿಯ ಗೆರೆಗಳು ಕಪ್ಪಾದರೆ ಅದು ಯಂತ್ರದಲ್ಲಿ ಬಿಸಿಗೆ ಒಡ್ಡಿಕೊಂಡು ಬಂದಿದೆ ಎಂದಷ್ಟೇ ಅರ್ಥ. ಒಳಗೆಲ್ಲ ಶುದ್ಧವಾಗಿದೆ ಎಂದಲ್ಲ. ಇದನ್ನು ತಿಳಿದು ಗಂಟು ಕಟ್ಟುವವಳಿಗೂ ತಿಳಿಯದೆ ಕಟ್ಟುವವಳಿಗೂ ಅಜಗಜಾಂತರ.

ನಾನು ಎಂಜಿನಿಯರ್ ಆಗಿ ದುಡಿದವನು. ಅಣೆಕಟ್ಟೆಯ ಗೇಟು ತೆರೆಯುವ ದಿನ ಹಾರ, ತುರಾಯಿ, ಫೋಟೋ ಎಲ್ಲವೂ ಇರುತ್ತವೆ. ಆದರೆ ಕಟ್ಟೆಯ ಒಳಗಿನ ಕತ್ತಲ ಸುರಂಗದಲ್ಲಿ ಜಿನುಗುವ ನೀರನ್ನು ದಿನವೂ ಅಳೆದು ಪುಸ್ತಕದಲ್ಲಿ ಬರೆಯುವವನ ಫೋಟೋವನ್ನು ಯಾರೂ ತೆಗೆಯುವುದಿಲ್ಲ. ಕಟ್ಟೆಗೆ ಅಪಾಯ ಬಂದರೆ ಮೊದಲು ತಿಳಿಯುವುದು ಅವನ ಪುಸ್ತಕದಿಂದಲೇ. ನಮ್ಮ ಅಡಿಕೆ ಸೀಮೆಯಲ್ಲಿ ಕೊನೆ ಇಳಿಸುವವನ ಸಾಹಸ ಎಲ್ಲರಿಗೂ ಕಾಣುತ್ತದೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಆರಿಸಲು ದಿನವಿಡೀ ಕುಳಿತ ಕೈಗಳು ಕಾಣುವುದಿಲ್ಲ. ಶಿರಸಿ ಪೇಟೆಯಲ್ಲಿ ಬೆಲೆ ನಿಲ್ಲುವುದು ಆ ಕೈಗಳ ಮೇಲೆ.

ಬಸವಾದಿ ಶರಣರು ಈ ಕಾಣದ ಕೈಗಳನ್ನು ಕಂಡರು. ಭತ್ತ ಕುಟ್ಟಿದ ಕೊಟ್ಟಣದ ಸೋಮವ್ವ, ನೂಲು ತೆಗೆದ ಕದಿರ ರೆಮ್ಮವ್ವೆ, ನೆರೆಯ ಶಿವಮೊಗ್ಗ ಜಿಲ್ಲೆಯ ಹಿರೇಜಂಬೂರಿನವಳೆನ್ನುವ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಇವರೆಲ್ಲ ವಚನಕಾರ್ತಿಯರು. ದಿನದಿನವೂ ಅದೇ ಕೆಲಸ ಮಾಡುತ್ತಲೇ ಅನುಭಾವದ ಎತ್ತರಕ್ಕೆ ಏರಿದವರು. ಕೆಲಸದ ಹೆಸರು ಅವರನ್ನು ಕುಗ್ಗಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಕಾಯಕ ತತ್ವವನ್ನು ಬಾಯಿ ಮುಚ್ಚಿಸುವ ಮಂತ್ರವಾಗಿ ಬಳಸುವವರಿದ್ದಾರೆ. "ಕೊಟ್ಟದ್ದನ್ನು ಮಾಡು, ಅದೇ ನಿನ್ನ ಕಾಯಕ" ಎನ್ನುತ್ತಾರೆ. ಇದು ಶರಣರ ಮಾತಲ್ಲ. ಹುಟ್ಟಿನಿಂದ ಕೆಲಸ, ಕೆಲಸದಿಂದ ಮೇಲು ಕೀಳು ಎಂಬ ಕಟ್ಟನ್ನು ಮುರಿಯಲು ಬಂದದ್ದು ಕಾಯಕ ತತ್ವ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ತಲೆಬಾಗಿ ಸುಮ್ಮನಾಗಲಿಲ್ಲ, ಗಂಡನನ್ನೇ ಪ್ರಶ್ನಿಸಿ ಹಿಂದಕ್ಕೆ ಕಳಿಸಿದಳು. ಕಾಯಕಕ್ಕೂ ಪ್ರಶ್ನೆಗೂ ವಿರೋಧವಿಲ್ಲ. ಗುತ್ತಿಗೆಯವಳು, ಹಳ್ಳಿಯವಳು ಎಂಬ ಕಾರಣಕ್ಕೆ ಒಬ್ಬಳನ್ನೇ ವರ್ಷಗಟ್ಟಲೆ ತೊಳೆಯುವ ಕೋಣೆಯಲ್ಲಿ ನಿಲ್ಲಿಸಿದರೆ ಅದು ಹೊಸ ವೇಷದ ಹಳೆಯ ಶ್ರೇಣಿಯೇ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗಾಗಿ 19 ಅಂಶಗಳ ಒಂದು ಪಟ್ಟಿ ಹೊರತಂದಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಆ ಪಟ್ಟಿಯಲ್ಲಿ ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ರೋಗಿಯ ಹೆಸರು ಕೇಳಿದ್ದಾಯಿತೇ, ಉಪಕರಣ ಶುದ್ಧವೇ, ಎಣಿಕೆ ಸರಿಯೇ ಎಂಬಂಥ ನೀರಸ ಪ್ರಶ್ನೆಗಳೇ ಇವೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೊಂದಿದೆ: ಕತ್ತಿ ತಾಗುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕು. ಹಿರಿಯ ಸರ್ಜನ್ ಹೇಳಿದ ಹಾಗೆಯೇ ನಿನ್ನೆ ಸೇರಿದ ನರ್ಸ್ ಕೂಡ ಹೇಳಬೇಕು. ಹೆಸರು ಹೇಳಿದವಳಿಗೆ "ಲೆಕ್ಕ ತಾಳೆಯಾಗುತ್ತಿಲ್ಲ, ನಿಲ್ಲಿಸಿ" ಎನ್ನುವ ಧೈರ್ಯವೂ ಬರುತ್ತದೆ. ಅನುಭವ ಮಂಟಪದ ಸಮಾನತೆ ಇದಕ್ಕಿಂತ ಬೇರೆಯಲ್ಲ.

ಹಾಗಾದರೆ ಹೊಸಬಳು ಏನು ಮಾಡಬೇಕು? ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಲಿ. ಇಂದು ತೊಳೆದ ಪ್ರತಿ ಉಪಕರಣದ ಹೆಸರು, ಅದು ಯಾವ ಅಂಗಕ್ಕೆ, ಯಾವ ಹಂತದಲ್ಲಿ ಬೇಕು ಎಂದು ಬರೆಯಲಿ. ಹೊರಗಿನಿಂದ ಸಾಮಾನು ಒದಗಿಸುವ ಸರದಿ ಬಂದಾಗ ಮುಂದೆ ಸರ್ಜನ್ ಏನು ಕೇಳಬಹುದು ಎಂದು ಮನಸ್ಸಿನಲ್ಲೇ ಊಹಿಸಿ ಸರಿಯಾಯಿತೇ ನೋಡಲಿ. ಕೆಲಸ ಮುಗಿದ ಮೇಲೆ ದಿನಕ್ಕೊಂದು ಪ್ರಶ್ನೆಯನ್ನು ಹಿರಿಯರಿಗೆ ಕೇಳಲಿ. ಆರು ತಿಂಗಳಾದರೂ ಸರದಿ ಬದಲಾಗದಿದ್ದರೆ, ಕಲಿತದ್ದರ ಪಟ್ಟಿಯೊಂದಿಗೆ ವಿನಯದಿಂದ ಬರವಣಿಗೆಯಲ್ಲಿ ಕೇಳಲಿ. ಅದು ಅಹಂಕಾರವಲ್ಲ.

ಹಿರಿಯರ ಕಾಯಕವೂ ಇದೆ. ಬೇಸರದ ಕೆಲಸವನ್ನು ವಾರಕ್ಕೊಮ್ಮೆಯಾದರೂ ತಾವೂ ಮಾಡಬೇಕು. "ಏಕೆ ಹೀಗೆ" ಎಂಬುದನ್ನು ಹೇಳಿಕೊಡಬೇಕು. ಅರಿವನ್ನು ಹಂಚುವುದೂ ದಾಸೋಹವೇ. ಆಸ್ಪತ್ರೆ, ನರ್ಸಿಂಗ್ ಕಾಲೇಜು ನಡೆಸುವ ನಮ್ಮ ಮಠಗಳು ಮತ್ತು ಸಂಸ್ಥೆಗಳು ಇದರಲ್ಲಿ ಮೇಲ್ಪಂಕ್ತಿ ಹಾಕಲಿ. ವೇದಿಕೆಯ ಮೇಲೆ ಸರ್ಜನ್‌ಗೆ ಶಾಲು ಹೊದಿಸುವ ದಿನ, ಆಟೋಕ್ಲೇವ್ ಕೋಣೆಯ ಸಿಬ್ಬಂದಿಯನ್ನೂ ಹೆಸರು ಹಿಡಿದು ಕರೆಯಲಿ. ಮನೆಯವರೂ ಅಷ್ಟೇ. ಮಗಳು ಫೋನ್ ಮಾಡಿದಾಗ "ಇವತ್ತು ಯಾವ ದೊಡ್ಡ ಆಪರೇಷನ್?" ಎಂದು ಕೇಳುವ ಬದಲು "ಲೆಕ್ಕ ಸರಿಹೋಯಿತೇ?" ಎಂದು ಕೇಳೋಣ.