ಹಸು ಕರು ಹಾಕುವುದನ್ನು ಮಕ್ಕಳು ನೋಡಲಿ

ಫಿಲಿಪ್ ಐಲೆಂಡಿನ ಪೆಂಗ್ವಿನ್ ನೋಡಲು ಮೆಲ್ಬರ್ನಿನಿಂದ ಹೊರಟ ಕನ್ನಡ ಕುಟುಂಬಗಳ ಕಾರು ಹೈನುಗಾರರ ಹುಲ್ಲುಗಾವಲುಗಳ ನಡುವೆಯೇ ಸಾಗುತ್ತದೆ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಗಿಪ್ಸ್‌ಲ್ಯಾಂಡಿನ ಈ ಬಯಲುಗಳಲ್ಲಿ ಹಸುಗಳು ಕರು ಹಾಕುವ ಕಾಲ. ವಸಂತದ ಹುಲ್ಲು ಚಿಗುರುವ ಹೊತ್ತಿಗೆ ಹಾಲೂ ಹೆಚ್ಚಲಿ ಎಂದು ರೈತರು ಲೆಕ್ಕ ಹಾಕಿಯೇ ಗಬ್ಬ ಕಟ್ಟಿಸಿರುತ್ತಾರೆ. ಆಸ್ಟ್ರೇಲಿಯಾದ ಹಾಲಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ವಿಕ್ಟೋರಿಯಾ ರಾಜ್ಯದ್ದು. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ದಿನಾ ಕುಡಿಯುವುದೂ ಇಂಥ ಹಸುಗಳ ಹಾಲನ್ನೇ. ಕರು ಹುಟ್ಟದೆ ಹಾಲಿಲ್ಲ ಎಂಬುದು ಮಾತ್ರ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಅಪ್ಪ ಅಮ್ಮಂದಿರು ಒಂದು ದಿನ ಪೆಂಗ್ವಿನ್ ಬಿಟ್ಟು ಅದನ್ನು ತೋರಿಸಬೇಕು.

ಈಯಲು ಬಂದ ಹಸು ಹಿಂಡು ಬಿಟ್ಟು ಬೇಲಿಯ ಮೂಲೆಗೆ ಸರಿಯುತ್ತದೆ. ಬಾಲದ ಬುಡದ ಎರಡೂ ಬದಿ ಕುಸಿದಿರುತ್ತದೆ, ಕೆಚ್ಚಲು ಬಿಗಿದಿರುತ್ತದೆ. ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ. ನೀರಿನ ಚೀಲ ಒಡೆದ ಮೇಲೆ ಮೊದಲು ಕಾಣುವುದು ಮುಂಗಾಲಿನ ಗೊರಸುಗಳು. ಅವುಗಳ ತುದಿಗೆ ಹಳದಿ ಬಣ್ಣದ ಮೆತ್ತನೆಯ ಪದರವೊಂದು ಇರುತ್ತದೆ. ಗೊರಸು ತಾಯಿಯ ಒಡಲನ್ನು ಗೀರದಂತೆ ಅದು ಕಾಯುತ್ತದೆ, ಕರು ನಡೆದಾಡತೊಡಗಿದ ಮೇಲೆ ಸವೆದುಹೋಗುತ್ತದೆ. ಹಿಂದೆಯೇ ಕಾಲ ಮೇಲೆ ಒರಗಿದ ಮೂತಿ, ಹೊರಚಾಚಿದ ನಾಲಗೆ. ತಲೆ, ಭುಜ ದಾಟಿದರೆ ಉಳಿದ ಮೈ ಜಾರಿ ಹುಲ್ಲಿನ ಮೇಲೆ ಬೀಳುತ್ತದೆ. ಉಸಿರು ತಡವಾದರೆ ರೈತರು ಮೂಗಿನ ಹೊಳ್ಳೆಯೊಳಗೆ ಹುಲ್ಲುಕಡ್ಡಿ ಆಡಿಸುತ್ತಾರೆ, ಕರು ಸೀನುತ್ತದೆ. ಹಸು ತಿರುಗಿ ನೆಕ್ಕುತ್ತದೆ, ಗಂಟಲೊಳಗೇ ಸಣ್ಣಗೆ ಹೂಂಕರಿಸುತ್ತದೆ. ಸಾಮಾನ್ಯವಾಗಿ ಗಂಟೆಯೊಳಗೆ ಕರು ಎದ್ದು ನಡುಗುತ್ತಲೇ ಕೆಚ್ಚಲು ಹುಡುಕುತ್ತದೆ.

ಇದನ್ನು ಕಣ್ಣಾರೆ ನೋಡುವುದಕ್ಕೆ ಬದಲಿಲ್ಲ. ಹೈನು ಉದ್ಯಮ ಶಾಲೆಗಳಿಗೆ ಫೈಬರ್ ಹಸು ಕೊಟ್ಟು ಬಣ್ಣ ಬಳಿಸುತ್ತದೆ; ‘ಕೌಸ್ ಕ್ರಿಯೇಟ್ ಕರಿಯರ್ಸ್’ ಯೋಜನೆಯಲ್ಲಿ ಮೂರು ವಾರದ ಕರುಗಳನ್ನು ಶಾಲೆಗೇ ಕಳಿಸಿ ಮಕ್ಕಳಿಂದ ಸಾಕಿಸುತ್ತದೆ. ಎರಡೂ ಒಳ್ಳೆಯ ಕೆಲಸಗಳೇ. ಅಮೆರಿಕದ ಮಿನ್ನೆಸೋಟ ರಾಜ್ಯ ಜಾತ್ರೆಯಲ್ಲಂತೂ ಸಾವಿರಾರು ಜನರೆದುರು ಹಸುಗಳು ಕರು ಹಾಕುತ್ತವೆ. ಆದರೆ ಏಕಾಂತ ಹುಡುಕಿ ಹೋಗುವ ಪ್ರಾಣಿಯನ್ನು ಜನಜಂಗುಳಿಯ ನಡುವೆ ನಿಲ್ಲಿಸುವುದು ಸರಿಯಲ್ಲ. ಕುಟುಂಬವೊಂದು ನಡೆಸುವ ಫಾರ್ಮಿನ ಬೇಲಿಯಾಚೆ ಸದ್ದಿಲ್ಲದೆ ಕೂತು ನೋಡುವುದೇ ಸರಿಯಾದ ದಾರಿ.

ಅಂಥ ಫಾರ್ಮ್‌ಗಳೂ ಕರಗುತ್ತಿವೆ. 1980ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಸುಮಾರು 22,000 ಹೈನು ಫಾರ್ಮ್‌ಗಳಿದ್ದವು, ಈಗ 5,000ಕ್ಕೂ ಕಡಿಮೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳು 2011ರಿಂದ 2019ರವರೆಗೆ ಲೀಟರ್ ಹಾಲನ್ನು ಒಂದು ಡಾಲರಿಗೆ ಮಾರಿದವು; ಆ ಬೆಲೆಯ ಬಿಸಿ ಯಾರಿಗೆ ತಟ್ಟಿತೆಂದು ರೈತರನ್ನೇ ಕೇಳಬೇಕು.

ಸಿಡ್ನಿಗೂ ಹಸು-ಕರುಗಳೊಂದಿಗೆ ಹಳೆಯ ನಂಟಿದೆ. 1788ರಲ್ಲಿ ಮೊದಲ ಹಡಗುಗಳಲ್ಲಿ ಬಂದ ಬೆರಳೆಣಿಕೆಯ ದನಗಳು ಕಾಡಿಗೆ ತಪ್ಪಿಸಿಕೊಂಡವು. 1795ರಲ್ಲಿ ನಗರದ ನೈಋತ್ಯಕ್ಕೆ ಅವು ಮತ್ತೆ ಕಣ್ಣಿಗೆ ಬಿದ್ದಾಗ ಸುಮಾರು 60ರ ಹಿಂಡಾಗಿದ್ದವು. ಯಾರ ಕೈಯ ನೆರವೂ ಇಲ್ಲದೆ ಅಷ್ಟೂ ಕರುಗಳು ಹುಟ್ಟಿ ಬೆಳೆದಿದ್ದವು! ‘ಕೌಪಾಸ್ಚರ್ಸ್’ ಎನಿಸಿಕೊಂಡ ಅದೇ ಸೀಮೆಯ ಮೆನಾಂಗಲ್‌ನಲ್ಲಿ 1952ರಲ್ಲಿ ತಿರುಗುವ ಕಟ್ಟೆಯ ಮೇಲೆ ಹಸು ನಿಲ್ಲಿಸಿ ಹಾಲು ಕರೆಯುವ ‘ರೋಟೊಲ್ಯಾಕ್ಟರ್’ ಶುರುವಾಯಿತು. ಸಿಡ್ನಿಯ ಜನ ಅದನ್ನು ನೋಡಲೆಂದೇ ಹೋಗುತ್ತಿದ್ದರು.

ಕರು ಹುಟ್ಟಿದ್ದನ್ನು ತೋರಿಸಿ ಅಲ್ಲಿಗೇ ನಿಲ್ಲಿಸಿದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತೆ. ಇಲ್ಲಿನ ಹೆಚ್ಚಿನ ಹೈನು ಫಾರ್ಮ್‌ಗಳಲ್ಲಿ ಕರುವನ್ನು ಒಂದು ದಿನದೊಳಗೇ ತಾಯಿಯಿಂದ ಬೇರ್ಪಡಿಸುತ್ತಾರೆ. ಸಗಣಿಯಿಂದ ಹರಡುವ ಕರುಳಿನ ಕಾಯಿಲೆ ತಗುಲಬಾರದು, ಗಿಣ್ಣದ ಹಾಲು ಕರುವಿನ ಹೊಟ್ಟೆಗೆ ಸಾಕಷ್ಟು ಸೇರಿತೆಂದು ಖಾತ್ರಿಯಾಗಬೇಕು ಎಂಬುದು ಅವರ ಕಾರಣ. ಹೋರಿಗರುಗಳಲ್ಲಿ ಬಹಳಷ್ಟು ಕೆಲವೇ ದಿನಗಳಲ್ಲಿ ಕಸಾಯಿಖಾನೆಗೆ ಹೋಗುತ್ತವೆ. ಐದು ದಿನವಾದರೂ ತುಂಬಿರಬೇಕೆಂಬುದು ನಿಯಮ. ಹೆಣ್ಣು ಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯದ ಬಳಕೆ ಹೆಚ್ಚಿದಂತೆ ಇದು ಕಡಿಮೆಯಾಗಬಹುದು, ಮುಗಿದಿಲ್ಲ.

ಕೇಳಲು ಕಷ್ಟದ ಮಾತು, ನಿಜ. ಊರಿನ ಕೊಟ್ಟಿಗೆಯಲ್ಲಿ ಕರುವನ್ನು ಮೊದಲು ಕುಡಿಯಬಿಟ್ಟು ಆಮೇಲೆ ಹಾಲು ಕರೆಯುವುದನ್ನು ಕಂಡವರಿಗೆ ಇದು ಕ್ರೌರ್ಯವೆನಿಸುತ್ತದೆ. ಆದರೆ ಕರ್ನಾಟಕದಲ್ಲೂ ಟ್ರ್ಯಾಕ್ಟರ್ ಬಂದ ಮೇಲೆ ಮಿಶ್ರತಳಿಯ ಹೋರಿಗರುವಿಗೆ ಕೆಲಸವಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಅದನ್ನು ಮಾರಲೂ ಆಗದೆ, ಸಾಕಲೂ ಆಗದೆ ಹೈನುಗಾರರು ಪೇಚಾಡುತ್ತಿದ್ದಾರೆ. ನಂದಿನಿ ಹಾಲು ಕುಡಿದು ಬೆಳೆದವರು ಗಿಪ್ಸ್‌ಲ್ಯಾಂಡಿನ ರೈತರತ್ತ ಬೆರಳು ತೋರಿಸುವ ಮುನ್ನ ಇದನ್ನು ನೆನೆಯಬೇಕು. ಕರು ಹುಟ್ಟಿದ್ದನ್ನು ಕಣ್ಣಾರೆ ಕಂಡ ಮಗು ‘ಹೋರಿಗರು ಎಲ್ಲಿ ಹೋಯಿತು?’ ಎಂದು ಕೇಳಿಯೇ ಕೇಳುತ್ತದೆ. ದೊಡ್ಡವರು ಮಾತು ಹಾರಿಸಬಾರದು.

ಮೆಲ್ಬರ್ನ್, ಸಿಡ್ನಿಗಳ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಇಂಥ ಭೇಟಿಗೆ ಮುಂದಾಗಲಿ. ರೈತ ಕುಟುಂಬವೊಂದನ್ನು ಮೊದಲೇ ಕೇಳಿ, ಅವರ ಹೊತ್ತಿಗೆ ಬೆಲೆ ಕೊಟ್ಟು, ಸಣ್ಣ ಗುಂಪಾಗಿ ಹೋಗಬೇಕು. ಬೂಟು ತೊಳೆದೇ ಒಳಗೆ ಕಾಲಿಡಬೇಕು. ಈದ ಹಸುವಿನ ನೀರು, ಮಾಸಿನಿಂದ ‘ಕ್ಯೂ ಫೀವರ್’ ಅಂಟುವ ಭಯವಿದೆ. ಗಾಳಿ ಬೀಸುವ ದಿಕ್ಕು ನೋಡಿಕೊಂಡು ದೂರವೇ ಕೂರಬೇಕು, ಗರ್ಭಿಣಿಯರು ಹೋಗದಿರುವುದೇ ಲೇಸು. ವಿಕ್ಟೋರಿಯಾದಲ್ಲಿ ಸೆಪ್ಟೆಂಬರ್ ಕೊನೆಯ ಶಾಲಾ ರಜೆಯಲ್ಲೂ ಕೆಲವು ಹಸುಗಳು ಈಯುವುದು ಬಾಕಿಯಿರುತ್ತದೆ. ಸಿಡ್ನಿಯವರು ಅಲ್ಲಿಯವರೆಗೂ ಕಾಯಬೇಕಿಲ್ಲ. ನಗರಕ್ಕೆ ವರ್ಷವಿಡೀ ತಾಜಾ ಹಾಲು ಬೇಕಾದ್ದರಿಂದ ನ್ಯೂ ಸೌತ್ ವೇಲ್ಸಿನ ಅನೇಕ ಫಾರ್ಮ್‌ಗಳಲ್ಲಿ ಎಲ್ಲ ಕಾಲದಲ್ಲೂ ಕರುಗಳು ಹುಟ್ಟುತ್ತಿರುತ್ತವೆ.