ಮರುಮದುವೆಯವರ ಹೆಸರು ಪಟ್ಟಿಯ ಕೊನೆಗೇ ಏಕೆ?

ಮಹಾನಗರದ ನಮ್ಮ ಸಂಘ-ಸಂಸ್ಥೆಗಳು ಏರ್ಪಡಿಸುವ ವಧೂವರರ ಸಮಾವೇಶಗಳು ಬಹಳ ಉಪಯುಕ್ತ ಕಾರ್ಯಕ್ರಮಗಳು. ಊರಿನಲ್ಲಿ ಸೋದರಮಾವ, ದೊಡ್ಡಮ್ಮ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಂಘಗಳು ಮಾಡುತ್ತಿವೆ. ಡೊಂಬಿವಲಿಯ ಹುಡುಗನಿಗೆ ಬೊರಿವಲಿಯ ಹುಡುಗಿ ಸಿಗುವುದು ಇಂತಹ ವೇದಿಕೆಗಳಿಂದಲೇ. ಆದರೆ ಇಲ್ಲಿಗೆ ಬರುವವರಲ್ಲಿ ವಿಚ್ಛೇದನ ಪಡೆದವರೂ ಇದ್ದಾರೆ, ಸಂಗಾತಿಯನ್ನು ಕಳೆದುಕೊಂಡವರೂ ಇದ್ದಾರೆ. ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬುದನ್ನು ಸಮಾಜ ಬಾಂಧವರು ಯೋಚಿಸಬೇಕಾಗಿದೆ.

ನನ್ನ ಪರಿಚಯದ ಮಹಿಳೆಯೊಬ್ಬರಿಗೆ ಈಗ 38 ವರ್ಷ. ವಿಚ್ಛೇದನವಾಗಿ ಐದು ವರ್ಷ ಕಳೆದಿದೆ. ಒಳ್ಳೆಯ ಉದ್ಯೋಗವಿದೆ, ಅಳು-ದುಃಖವೆಲ್ಲ ಮುಗಿದಿದೆ. ತಾಯಿಯ ಒತ್ತಾಯದಿಂದಲ್ಲ, ಸ್ವಂತ ಮನಸ್ಸಿನಿಂದಲೇ ಒಂದು ಸಮಾವೇಶಕ್ಕೆ ಹೋದರು. ನೋಂದಣಿ ಮೇಜಿನಲ್ಲಿದ್ದ ಕಾರ್ಯಕರ್ತರು, "ನಿಮ್ಮಂಥವರದ್ದು ಕೊನೆಗೆ, ಸಮಯ ಉಳಿದರೆ ನೋಡೋಣ" ಎಂದರಂತೆ. ಅವರು ಊಟಕ್ಕೂ ನಿಲ್ಲದೆ ರೈಲು ಹತ್ತಿದರು. "ನಾನು ಮರೆತದ್ದನ್ನು ಅವರೇ ನೆನಪಿಸಿ ಕಳುಹಿಸಿದರು" ಎಂದು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ವೈವಾಹಿಕ ಜಾಹೀರಾತುಗಳಲ್ಲಿ 'ಇನೋಸೆಂಟ್ ಡೈವೋರ್ಸಿ' ಎಂಬ ಮಾತನ್ನು ನೀವೂ ಓದಿರಬಹುದು. ಮದುವೆಯಾಗಿ ಕೆಲವೇ ದಿನಗಳಲ್ಲಿ ಬೇರೆಯಾದವರು ಹೀಗೆ ಬರೆಸುತ್ತಾರೆ. ಇವರು ನಿರಪರಾಧಿಗಳಾದರೆ, ಹತ್ತು ವರ್ಷ ಸಂಸಾರ ಮಾಡಿ ಸಾಧ್ಯವಾಗದೆ ಹೊರಬಂದವರು ಅಪರಾಧಿಗಳೇ? ಸಂಬಂಧ ಮುರಿದುಬಿದ್ದದ್ದು ಒಂದು ನೋವು. ಅದನ್ನು ಕಳಂಕವೆಂದು ಕರೆಯುತ್ತಿರುವವರು ನಾವು.

ಇದು ನಮ್ಮ ಸಂಸ್ಕೃತಿಯಲ್ಲೇ ಇಲ್ಲ ಎನ್ನುವವರಿಗೆ ಒಂದು ಮಾತು. ತುಳುನಾಡಿನ ಬಂಟರಲ್ಲಿ ಕನ್ಯೆಯ ಮದುವೆಗೆ ಕೈಧಾರೆ ಎಂದೂ ವಿಧವೆಯ ಮದುವೆಗೆ ಬುಡುಧಾರೆ ಎಂದೂ ಹೆಸರಿತ್ತು. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಉಡಿಕೆ ಎಂಬ ಪದ್ಧತಿಯಿತ್ತು. ಮಂಗಳೂರಿನಲ್ಲಿ 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಯ ನಾಯಕಿ ಎಳೆಯ ವಿಧವೆ. ಆಕೆ ಓದಿ, ಮರುಮದುವೆಯಾಗಿ ಬಾಳುತ್ತಾಳೆ. ಅದಕ್ಕೂ ಮೊದಲು 1893ರಲ್ಲಿ, ಪುಣೆಯಲ್ಲಿ ಪ್ರಾಧ್ಯಾಪಕರಾಗಿದ್ದ ಧೋಂಡೋ ಕೇಶವ ಕರ್ವೆಯವರು ವಿಧವೆಯನ್ನು ವರಿಸಿ ತಮ್ಮ ಊರಿನವರ ಬಹಿಷ್ಕಾರ ಎದುರಿಸಿದ್ದರು. ಅದೇ ಕರ್ವೆಯವರಿಗೆ ದೇಶ 1958ರಲ್ಲಿ ಭಾರತರತ್ನ ನೀಡಿತು. ನಾವು ಇನ್ನೂ ಹಿಂಜರಿಯುತ್ತಿರುವುದು ಸರಿಯೇ?

ಕಾನೂನೂ ಮುಂದೆ ಸಾಗಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲಿ 1976ರಲ್ಲಿ ಅವಕಾಶ ದೊರೆಯಿತು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಲೇಬೇಕೆಂಬ ನಿಯಮವನ್ನು ಸೂಕ್ತ ಪ್ರಕರಣಗಳಲ್ಲಿ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಮುಗಿದುಹೋದ ಸಂಬಂಧದಲ್ಲಿ ಇಬ್ಬರನ್ನು ಸುಮ್ಮನೆ ಕಟ್ಟಿಹಾಕಬಾರದು, ಅವರಿಗೆ ಹೊಸ ಬದುಕಿನ ಅವಕಾಶ ಸಿಗಬೇಕು ಎಂಬುದೇ ಇದರ ಹಿಂದಿನ ಆಶಯ.

ಹಾಗೆಂದು ಎಲ್ಲ ಹೊಣೆ ಸಮಾಜದ್ದೇ ಅಲ್ಲ. ಹೊಸ ಸಂಬಂಧ ಬಯಸುವವರು ಹಳೆಯದನ್ನು ಮೊದಲು ಪೂರ್ತಿಯಾಗಿ ಮುಗಿಸಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು ನೋಡುವುದೇನೆಂದರೆ, ವಿಚ್ಛೇದನವಾಗಿ ವರ್ಷಗಳಾದರೂ ಠೇವಣಿಯ ನಾಮಿನಿ ಹಳೆಯ ಸಂಗಾತಿಯೇ ಆಗಿರುತ್ತಾರೆ, ಜಂಟಿ ಖಾತೆ ಹಾಗೆಯೇ ಇರುತ್ತದೆ. ನ್ಯಾಯಾಲಯದ ತೀರ್ಪು ಬಂದ ಮಾತ್ರಕ್ಕೆ ಬ್ಯಾಂಕಿನ ದಾಖಲೆಯಲ್ಲಿ ನಾಮಿನಿಯ ಹೆಸರು ಬದಲಾಗದು, ಖಾತೆದಾರರೇ ಬಂದು ಬದಲಾಯಿಸಬೇಕು. ಲಾಕರ್, ವಿಮೆಗಳನ್ನೂ ನೋಡಿಕೊಳ್ಳಬೇಕು. ಮನಸ್ಸಿನ ಲೆಕ್ಕವೂ ಹಾಗೆಯೇ. ಸಿಟ್ಟು ಇನ್ನೂ ಆರದಿದ್ದರೆ ಸ್ವಲ್ಪ ಕಾಯುವುದು ಒಳ್ಳೆಯದು. ಹಿಂದಿನ ಮದುವೆ, ಮಕ್ಕಳು, ಜೀವನಾಂಶ ಯಾವುದನ್ನೂ ಮುಚ್ಚಿಡದೆ ಮೊದಲ ಭೇಟಿಗಳಲ್ಲೇ ಹೇಳಿಬಿಡಬೇಕು.

ಇನ್ನು ಕೆಲವರು ಪ್ರೀತಿಯ ಹೆಸರೆತ್ತಿದರೇ ಹೆದರುತ್ತಾರೆ. ತೆನಾಲಿ ರಾಮನ ಬೆಕ್ಕು ಒಮ್ಮೆ ಬಾಯಿ ಸುಟ್ಟುಕೊಂಡ ಮೇಲೆ ಹಾಲು ಕಂಡರೇ ಓಡುತ್ತಿತ್ತು. ತಪ್ಪು ಹಾಲಿನದ್ದಲ್ಲ, ಬಿಸಿಯದ್ದು. ಒಬ್ಬರಿಂದ ಆದ ಕಹಿಗೆ ಮುಂದೆ ಬರುವ ಒಳ್ಳೆಯವರನ್ನೂ ದೂರವಿಡುವುದು ತಮಗೆ ತಾವೇ ವಿಧಿಸಿಕೊಳ್ಳುವ ಶಿಕ್ಷೆ.

ಐವತ್ತು, ಅರುವತ್ತು ದಾಟಿದವರ ವಿಷಯ ಇನ್ನೂ ಕಷ್ಟದ್ದು. ಪತ್ನಿ ತೀರಿಕೊಂಡ ತಂದೆ ಮರುಮದುವೆಯ ಮಾತೆತ್ತಿದರೆ ಮಕ್ಕಳು 'ಜನ ಏನೆನ್ನುತ್ತಾರೆ' ಎನ್ನುತ್ತಾರೆ. ಒಳಗಿನ ಚಿಂತೆ ಹೆಚ್ಚಾಗಿ ಫ್ಲ್ಯಾಟಿನದ್ದು. ಹೊಸ ಸಂಗಾತಿಗೂ ಮಕ್ಕಳಿಗೂ ಅನ್ಯಾಯವಾಗದಂತೆ ವಕೀಲರ ಸಲಹೆ ಪಡೆದು ಉಯಿಲು ಬರೆದಿಟ್ಟರೆ ಆ ಚಿಂತೆ ಬಹುಮಟ್ಟಿಗೆ ದೂರವಾಗುತ್ತದೆ. ಮಕ್ಕಳು ಬೆಳಿಗ್ಗೆ ಎಂಟರ ಲೋಕಲ್ ಹಿಡಿದು ರಾತ್ರಿ ಮನೆ ಸೇರುವ ಈ ನಗರದಲ್ಲಿ, ಸಂಜೆ ಚಹಾ ಕುಡಿಯುವಾಗ ಎದುರಿಗೊಬ್ಬರು ಇರಲಿ ಎಂದು ಬಯಸುವುದು ನಾಚಿಕೆಪಡುವ ವಿಷಯವಲ್ಲ.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಎಲ್ಲರಿಗೂ ಒಂದೇ ಅರ್ಜಿ ನಮೂನೆ ಇರಲಿ. ವೇದಿಕೆಗೆ ಕರೆಯುವಾಗ ಅಕ್ಷರಕ್ರಮ ಪಾಲಿಸಿ, ಮರುಮದುವೆಯವರನ್ನು ಕೊನೆಗೆ ತಳ್ಳಬೇಡಿ. ವೇದಿಕೆ ಹತ್ತಲು ಸಂಕೋಚವಿರುವವರು ಪ್ರತ್ಯೇಕವಾಗಿ ಮಾತನಾಡಲು ಒಂದು ಕೋಣೆ, ಹಿರಿಯ ಮಹಿಳಾ ಕಾರ್ಯಕರ್ತೆಯೊಬ್ಬರು ಇರಲಿ. ವಿಚ್ಛೇದನದ ಕಾರಣವನ್ನು ಎಲ್ಲರೆದುರು ಕೇಳುವುದು ಬೇಡ, ಅದು ಆ ಎರಡು ಮನೆಯವರು ಮಾತನಾಡಿಕೊಳ್ಳುವ ವಿಷಯ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಮುಂದಿನ ಸಮಾವೇಶದ ಅರ್ಜಿ ಮುದ್ರಣಕ್ಕೆ ಹೋಗುವ ಮೊದಲು ಕಾರ್ಯಕಾರಿ ಸಮಿತಿಗಳು ಇದನ್ನು ಚರ್ಚಿಸಲಿ. ಧೈರ್ಯ ಮಾಡಿ ಮತ್ತೆ ಬಂದವರು ಊಟ ಮಾಡದೆ ಹಿಂತಿರುಗುವಂತಾಗಬಾರದು.